ಬನವಾಸಿ 12,000, ತೇರಿದಾಳ 12

ತೇರದಾಳದ ನೇಮಿನಾಥ ಬಸದಿಯ ಶಾಸನ ನಮ್ಮ ಓದುಗರಿಗೆ ಹೊಸದೇನಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಂಡಳಿಕ ಗೊಂಕ ಬಸದಿ ಕಟ್ಟಿಸಿದ್ದನ್ನು ಶಕ 1045ರ ಭಾಗ ಹೇಳುತ್ತದೆ. ಶಕ 1104 ಮತ್ತು 1109ರ ಭಾಗಗಳೂ ಅದೇ ಕಲ್ಲಿನಲ್ಲಿವೆ. ಕುಂದಿ ಮೂರು ಸಾವಿರದೊಳಗೆ ತೇರಿದಾಳ ಹನ್ನೆರಡು: ಇದು ಆಗಿನ ನಾಡ ಲೆಕ್ಕ. ಈ ಸಂಖ್ಯೆ ಹಳ್ಳಿಗಳದೋ ಆದಾಯದ್ದೋ ಎಂಬ ಚರ್ಚೆ ಹಳೆಯದು. ಏನೇ ಇರಲಿ, ಸಂಖ್ಯೆ ಹೋದರೆ ಆಧಾರವೇ ಹೋಯಿತು.

ಮೊನ್ನೆ ನನ್ನ ಕೈಯಲ್ಲೇ ಅದು ಹೋಯಿತು ನೋಡ್ರಿ. ನಾಡುಗಳ ಪಟ್ಟಿಯನ್ನು ಸಾದಾ ಪಠ್ಯ ಕಡತದಲ್ಲಿ ಬರೆದು, ಲಿನಕ್ಸ್ ಟರ್ಮಿನಲ್‌ನಲ್ಲಿ ಸಂಖ್ಯೆಯ ಪ್ರಕಾರ ಜೋಡಿಸಲು 'ಸಾರ್ಟ್' ಆದೇಶ ಕೊಟ್ಟೆ. ಕುಂದಿ 3,000 ಎಲ್ಲಕ್ಕಿಂತ ಮೇಲೆ, ಅಂದರೆ ಎಲ್ಲಕ್ಕಿಂತ ಚಿಕ್ಕದಾಗಿ ಬಂತು. ಬನವಾಸಿ 12,000 ನಮ್ಮ ತೇರಿದಾಳ 12ರ ಪಕ್ಕ ಕೂತಿತು. ಬೆಳ್ವೊಲ 300 ಎಲ್ಲಕ್ಕಿಂತ ದೊಡ್ಡದಾಯಿತು!

ಕಾರಣ ಅಲ್ಪವಿರಾಮ. ಯಂತ್ರದಲ್ಲಿ 'ಲೊಕೇಲ್' ಎಂಬ ಹೊಂದಿಕೆ ಇರುತ್ತದೆ. ಯಾವ ನಾಡಿನ ರೂಢಿಯಂತೆ ಅಂಕಿ ಓದಬೇಕೆಂದು ಅದು ಹೇಳುತ್ತದೆ. ಭಾರತದ ಲೊಕೇಲ್ ಇದ್ದರೆ ಅಲ್ಪವಿರಾಮ ಸಾವಿರದ ಗುರುತು. 'ಸಿ' ಎಂಬ ಮೂಲ ಲೊಕೇಲ್‌ನಲ್ಲಿ ಅಂಥ ಗುರುತೇ ಇಲ್ಲ. ಓದು ಅಲ್ಲಿಗೇ ನಿಲ್ಲುತ್ತದೆ, 3,000 ಬರೀ 3. ಜರ್ಮನ್ ರೂಢಿಯಲ್ಲಂತೂ ಅಲ್ಪವಿರಾಮ ದಶಮಾಂಶದ ಚಿಹ್ನೆ.

ಹಾಗಾದರೆ ಕನ್ನಡ ಅಂಕಿಗಳಲ್ಲೇ ಬರೆಯೋಣವೆಂದು ರಟ್ಟರ ಶಾಸನಗಳ ಶಕವರ್ಷಗಳನ್ನು ಜೋಡಿಸಿದೆ. ಅದೂ ಕೆಟ್ಟಿತು. ಈ ಆದೇಶಕ್ಕೆ ಕನ್ನಡ ಅಂಕಿ ಸಂಖ್ಯೆಯೇ ಅಲ್ಲ, ಎಲ್ಲವೂ ಸೊನ್ನೆ. ಆಮೇಲೆ ಅಕ್ಷರಗಳಂತೆ ಮೊದಲ ಚಿಹ್ನೆ ನೋಡಿ ಜೋಡಿಸುತ್ತದೆ. ಸವದತ್ತಿಯ ಶಕ ೯೦೨, ಅದೇ ಊರಿನ ೧೧೫೧ರ ನಂತರ ಬಂತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದೇ ಕೊನೆಗೆ! ಪೈಥಾನ್ ಮಾತ್ರ ೯೦೨ನ್ನು ಸರಿಯಾಗಿ ಓದುತ್ತದೆ.

ಯಾವುದರಲ್ಲೂ ತಪ್ಪಿನ ಸಂದೇಶ ಬರಲಿಲ್ಲ ಎಂಬುದೇ ಭಯದ ಮಾತು. ನಾಲ್ಕು ಸಾಲಾದ್ದರಿಂದ ಕಣ್ಣಿಗೆ ಬಿತ್ತು. ನಾಲ್ಕು ಸಾವಿರ ಸಾಲಾಗಿದ್ದರೆ?

ಈಗ ನಾನು ಎರಡು ಕಾಲಂ ಇಡುತ್ತೇನೆ. ಒಂದರಲ್ಲಿ ಕಲ್ಲಿನ ಪಾಠ ಇದ್ದ ಹಾಗೇ. ಇನ್ನೊಂದರಲ್ಲಿ ಯಂತ್ರಕ್ಕಾಗಿ 3000, 902: ಅಲ್ಪವಿರಾಮವಿಲ್ಲದೆ. ಶಾಸನಪಾಠವನ್ನು ತಿದ್ದಬಾರದೆಂದು ನಮ್ಮ ಗುರುಗಳು ಕಲಿಸಿದರು. ಯಂತ್ರ ತಿದ್ದಿದ್ದನ್ನು ನಾವೇ ಹಿಡಿಯಬೇಕು.