ಹೆಸರು ಮುಂದೆ ಬೇಡ ಅಂದ ಹಾಡುಗಾರ

ಅಮೆರಿಕದ ಸೋಲ್ ಸಂಗೀತದಲ್ಲಿ ಒಂದೇ ಕತೆ ಪದೇ ಪದೇ ಕೇಳಿಬರುತ್ತೆ. ನಾಲ್ಕೈದು ಜನ ಸೇರಿ ತಂಡ ಕಟ್ಟುತ್ತಾರೆ, ಹಾಡು ಹಿಟ್ ಆಗುತ್ತೆ, ಒಬ್ಬರ ದನಿ ಎದ್ದು ಕೇಳುತ್ತೆ. ಆಮೇಲೆ ಆ ಒಬ್ಬರ ಹೆಸರು ತಂಡದ ಹೆಸರಿನ ಮುಂದೆ ಬಂದು ಕೂರುತ್ತೆ. ಮೋಟೌನ್ ಕಂಪನಿಯ 'ಸುಪ್ರೀಮ್ಸ್' 1967ರಲ್ಲಿ 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಆಯಿತು. 1970ರಲ್ಲಿ ಡಯಾನಾ ತಂಡವನ್ನೇ ಬಿಟ್ಟರು. 'ಟೆಂಪ್ಟೇಷನ್ಸ್'ನವರು ತಮ್ಮ ಮುಖ್ಯ ಗಾಯಕ ಡೇವಿಡ್ ರಫಿನ್‌ನನ್ನು 1968ರಲ್ಲಿ ಹೊರಹಾಕಿದರು.

ಅದೇ ಕಂಪನಿಯ 'ಫೋರ್ ಟಾಪ್ಸ್'ನ ಲೀವೈ ಸ್ಟಬ್ಸ್ ಮಾತ್ರ ಈ ದಾರಿ ತುಳಿಯಲಿಲ್ಲ.

1936ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಲೀವೈ, ಹೈಸ್ಕೂಲ್ ದಿನಗಳ ಗೆಳೆಯರಾದ ಡ್ಯೂಕ್ ಫಕೀರ್, ಓಬಿ ಬೆನ್ಸನ್, ಲಾರೆನ್ಸ್ ಪೇಟನ್ ಜೊತೆ 1950ರ ದಶಕದಲ್ಲಿ ಹಾಡೋಕೆ ಶುರುಮಾಡಿದ. ಸುಮಾರು ಹತ್ತು ವರ್ಷ ಕ್ಲಬ್ಬುಗಳನ್ನು ಸುತ್ತಿದ್ದೇ ಬಂತು, ಒಂದು ರೆಕಾರ್ಡೂ ಗೆಲ್ಲಲಿಲ್ಲ. 1963ರಲ್ಲಿ ಮೋಟೌನ್ ಸೇರಿದ ಮೇಲೆ ಅದೃಷ್ಟ ತಿರುಗಿತು. 1965ರಲ್ಲಿ 'ಐ ಕಾಂಟ್ ಹೆಲ್ಪ್ ಮೈಸೆಲ್ಫ್', 1966ರಲ್ಲಿ 'ರೀಚ್ ಔಟ್ ಐಲ್ ಬಿ ದೇರ್' ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು.

ಲೀವೈಯದು ಬ್ಯಾರಿಟೋನ್, ಅಂದ್ರೆ ತುಸು ಕೆಳಗಿನ ಶ್ರುತಿಯ ಗಂಡುದನಿ. ಹಾಲೆಂಡ್-ಡೋಜಿಯರ್-ಹಾಲೆಂಡ್ ಜೋಡಿಸಿದ ಹಾಡುಗಳು ಬೇಕಂತಲೇ ಅವನನ್ನು ಮೇಲಿನ ಸ್ಥಾಯಿಗೆ ಎಳೆಯುತ್ತಿದ್ದವು. ಆ ಹಾಡುಗಳಲ್ಲಿ ಕೇಳೋ ಅಂಗಲಾಚುವಿಕೆ ಬರೀ ನಟನೆ ಅಲ್ಲ. ಗಂಟಲು ನಿಜವಾಗಿಯೂ ಹೆಣಗಾಡ್ತಿತ್ತು.

ಇಂಥ ದನಿಗೆ ಒಂಟಿಯಾಗಿ ಹಾಡುವ ಅವಕಾಶಗಳೇನೂ ಕಮ್ಮಿ ಇರಲಿಲ್ಲ. ಆದರೆ ಅವನು ತಂಡ ಬಿಡಲಿಲ್ಲ, ಹೆಸರನ್ನು ಮುಂದೆ ಹಾಕಿಸಿಕೊಳ್ಳಲೂ ಇಲ್ಲ. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಹೊರಟಾಗ ನಾಲ್ವರೂ ಕಂಪನಿ ಬಿಟ್ಟು, ಡೆಟ್ರಾಯಿಟ್‌ನಲ್ಲೇ ಉಳಿದರು. 1997ರಲ್ಲಿ ಪೇಟನ್ ತೀರಿಕೊಳ್ಳುವವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಅದೇ ನಾಲ್ವರು.

ಹಾಗಂತ ಇದನ್ನು ಬರೀ ತ್ಯಾಗದ ಕತೆ ಮಾಡೋದು ಬೇಡ. ಆ ರೆಕಾರ್ಡುಗಳಲ್ಲಿ ಹಿಂದಿನಿಂದ ಕೇಳುವ ಹೆಣ್ಣುದನಿಗಳು 'ಆಂಡಾಂಟೀಸ್' ಅನ್ನೋ ಮೂವರದು: ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲೂವೇನ್ ಡೆಂಪ್ಸ್. ಲೀವೈಗೆ ಹೆಸರು ಬೇಡ ಅನ್ನುವ ಆಯ್ಕೆಯಾದರೂ ಇತ್ತು. ಇವರ ಹೆಸರನ್ನು ಕಂಪನಿ ಆ ರೆಕಾರ್ಡುಗಳ ಮೇಲೆ ಹಾಕಲೇ ಇಲ್ಲ.

2000ದಲ್ಲಿ ಪಾರ್ಶ್ವವಾಯು ಹೊಡೆದು ಲೀವೈಯ ಹಾಡು ನಿಂತಿತು. 2008ರಲ್ಲಿ ಅವನೂ ಹೋದ. ಇವತ್ತಿಗೂ ಆ ದನಿಯನ್ನು ಥಟ್ಟನೆ ಗುರುತಿಸುವ ಎಷ್ಟೋ ಜನರಿಗೆ ಅವನ ಹೆಸರು ಗೊತ್ತಿಲ್ಲ. ಯಾರು ಅಂತ ಕೇಳಿದರೆ 'ಫೋರ್ ಟಾಪ್ಸ್' ಅಂತಾರೆ. ಅವನಿಗೆ ಬೇಕಾಗಿದ್ದ ಉತ್ತರವೂ ಅದೇ.