ಚಿಕ್ಕಜಾಲದ ಹಿತ್ತಿಲ ಬಾಳೆಗಳು

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹೆಬ್ಬಾಳವನ್ನೂ ಯಲಹಂಕವನ್ನೂ ದಾಟಿದ ಮೇಲೆ, ಹಾಳುಬಿದ್ದ ಕಲ್ಲುಕೋಟೆಯೊಡನೆ ಎದುರಾಗುವ ಚಿಕ್ಕಜಾಲವು ಬಾಳೆಯ ಸೀಮೆಯೆಂದು ಎಂದೂ ಹೆಸರಾದುದಲ್ಲ. ಕಾವೇರಿಯ ಕಾಲುವೆಗಳಾಗಲಿ ಕಪಿಲೆಯ ದಡದ ಮೆಕ್ಕಲುಮಣ್ಣಾಗಲಿ ಇಲ್ಲದೆ, ಕೆರೆ ಬಾವಿಗಳನ್ನೇ ನಂಬಿ ರಾಗಿಯನ್ನೂ ಅನಂತರ ದ್ರಾಕ್ಷಿಯನ್ನೂ ಬೆಳೆದ ಈ ಕೆಂಪುನೆಲದಲ್ಲಿ, ಅಷ್ಟೊಂದು ನೀರನ್ನು ಬೇಡುವ ಬಾಳೆಯು ಹೊಲದ ಬೆಳೆಯಾಗಿ ನಿಲ್ಲುವುದು ದುಸ್ತರವಾಗಿದ್ದಿತು. ಆದರೆ ಹೊಲದಲ್ಲಿ ಸಲ್ಲದುದು ಹಿತ್ತಿಲಿನಲ್ಲಿ ಸಂದಿತು. ಬಚ್ಚಲಿನಿಂದ ಹೊರಬೀಳುವ ನೀರು ಎಲ್ಲಿ ಇಂಗುವುದೋ ಅಲ್ಲಿ ಒಂದು ಬಾಳೆಯ ಬುಡವನ್ನು ಊರುವುದು ನಮ್ಮ ಹಳ್ಳಿಗಳ ಪ್ರಾಚೀನ ಪದ್ಧತಿ. ಅದರಲ್ಲಿ ಮಿತವ್ಯಯವೂ ಶುಚಿತ್ವವೂ ಏಕಕಾಲದಲ್ಲಿ ಸಿದ್ಧಿಸುತ್ತಿದ್ದುವು. ಈ ಬಚ್ಚಲ ಬಾಳೆಯೇ ನಮ್ಮ ತಳಿವೈವಿಧ್ಯದ ನಿಜವಾದ ಭಂಡಾರವಾಗಿದ್ದಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಂತೆಯು ಬಾಳೆಯನ್ನು ಹಣ್ಣಿನಿಂದ ಮಾತ್ರ ಅಳೆಯುವುದು. ಗೃಹಿಣಿಯ ಅಳತೆ ಬೇರೆ. ಅವಳಿಗೆ ಹಬ್ಬದ ಊಟಕ್ಕೆ ಎಲೆ ಬೇಕು, ಪಲ್ಯಕ್ಕೆ ಹೂವೂ ದಿಂಡೂ ಬೇಕು, ಹೂ ಕಟ್ಟಲು ನಾರು ಬೇಕು, ಆಯುಧಪೂಜೆಗೆ ಬಾಗಿಲಿನ ಇಕ್ಕೆಲಗಳಲ್ಲಿ ನಿಲ್ಲಿಸಲು ಕಂದು ಬೇಕು. ಆದುದರಿಂದ ಒಂದೇ ಹಿತ್ತಿಲಿನಲ್ಲಿ ಎರಡು ಮೂರು ಜಾತಿಗಳು ನಿಲ್ಲುತ್ತಿದ್ದುದು ಸಹಜವೇ. ಏಲಕ್ಕಿಬಾಳೆಯು ಎತ್ತರವಾಗಿ ಬೆಳೆದು, ತೆಳುಸಿಪ್ಪೆಯ ಚಿಕ್ಕ ಹಣ್ಣುಗಳನ್ನು ಕೊಡುವುದು. ಗೊನೆಯು ದೊಡ್ಡದಲ್ಲವಾದರೂ ಹಣ್ಣು ಹಲವು ದಿನ ಕೆಡದೆ ಉಳಿಯುವುದರಿಂದ ದೇವರ ಮುಂದಿನ ತಟ್ಟೆಗೆ ಅದೇ ಶ್ರೇಷ್ಠವೆನಿಸಿತು. ಗಿಡ್ಡನೆಯ ಪಚ್ಚಬಾಳೆಯು ಗಾಳಿಗೆ ಸುಲಭವಾಗಿ ಬೀಳದು. ಅದರ ಭಾರವಾದ ಗೊನೆಗೆ ಕವೆಗೋಲಿನ ಆಸರೆ ಬೇಕಾಗುವುದು, ಬಿಸಿಲುಗಾಲದಲ್ಲಿ ಹಣ್ಣಾದರೂ ಸಿಪ್ಪೆಯ ಹಸುರು ಪೂರ್ತಿಯಾಗಿ ಅಳಿಯದು. ಬೂದಿ ಬಳಿದಂತಹ ಮೈಯ ಬೂದಿಬಾಳೆಯು ನೀರಿನ ಕೊರತೆಯನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಂಡು, ಕಾಯಿಯಾಗಿಯೇ ಅಡುಗೆಮನೆಯನ್ನು ಸೇರುವುದು. ಕೆಂಪುಸಿಪ್ಪೆಯ ಚಂದ್ರಬಾಳೆ ಗೊನೆ ಬಿಡಲು ಬಹುಕಾಲ ಕಾಯಿಸುವುದರಿಂದ ತಾಳ್ಮೆಯುಳ್ಳವರ ಮನೆಗಳಲ್ಲಿ ಮಾತ್ರ ಉಳಿಯಿತು. ರಸಬಾಳೆಯ ರುಚಿಗೆ ಸಮನಾದುದು ಬೇರೊಂದಿಲ್ಲ. ಚೆನ್ನಾಗಿ ಹಣ್ಣಾದೊಡನೆ ಚಿಪ್ಪಿನಿಂದ ಕಳಚಿ ಉದುರುವ ಅದರ ಸ್ವಭಾವವು ವ್ಯಾಪಾರಿಗೆ ದೋಷವಾಗಿ ಕಂಡರೂ, ಅಡೆ ಹಾಕಿದ ಗೊನೆಯಿಂದ ನಿತ್ಯವೂ ನಾಲ್ಕು ಹಣ್ಣು ತೆಗೆದು ತಿನ್ನುವ ಮನೆಯವರಿಗೆ ದೋಷವೇ ಅಲ್ಲ.

ಹೀಗೆ ಎಲೆ, ಕಾಂಡ, ಹೂಗಳನ್ನು ನೋಡಿ ಜಾತಿಯನ್ನು ಗುರುತಿಸುತ್ತಿದ್ದ ಹಳ್ಳಿಯ ಕಣ್ಣಿಗೂ ಆಧುನಿಕ ಶಾಸ್ತ್ರಕ್ಕೂ ಹೆಚ್ಚು ಅಂತರವಿಲ್ಲ. 1955ರಲ್ಲಿ ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿದ್ವಾಂಸರು, ಕಾಂಡದ ಮೇಲಿನ ಕಪ್ಪುಮಚ್ಚೆ, ಎಲೆದಂಟಿನ ತೋಡಿನ ಅಂಚು ತೆರೆದಿದೆಯೋ ಮುಚ್ಚಿದೆಯೋ ಎಂಬುದು, ಹೂವಿನ ಹೊರದಳವು ಸುರುಳಿಗೊಳ್ಳುವ ರೀತಿ ಮೊದಲಾದ 15 ಲಕ್ಷಣಗಳಿಗೆ ಅಂಕಗಳನ್ನು ಕೊಟ್ಟು, ನಾವು ತಿನ್ನುವ ಬಾಳೆಗಳಲ್ಲಿ ಬಹುತೇಕವು ಅಕ್ಯುಮಿನಾಟ ಮತ್ತು ಬಾಲ್ಬಿಸಿಯಾನ ಎಂಬ ಎರಡು ಕಾಡುಬಾಳೆಗಳ ಸಂತತಿಯೆಂದು ವಿಂಗಡಿಸಿದರು. ಅವರ ಕ್ರಮದಂತೆ ಪಚ್ಚಬಾಳೆಯು ಮೊದಲನೆಯದರ ಅಪ್ಪಟ ಸಂತಾನ. ಏಲಕ್ಕಿಯಲ್ಲಿ ಎರಡೂ ಕುಲಗಳು ಸಮಪಾಲಾಗಿವೆ. ಬೂದಿಬಾಳೆಯಲ್ಲಿ ಎರಡನೆಯದರ ಅಂಶವೇ ಹೆಚ್ಚು, ಬರವನ್ನು ಸಹಿಸುವ ಅದರ ಶಕ್ತಿಯ ಮೂಲವೂ ಅದೇ.

ಚಿಕ್ಕಜಾಲಕ್ಕೆ ಅನತಿದೂರದ ಹೆಬ್ಬಾಳದಲ್ಲಿ 1899ರಲ್ಲಿ ಕೃಷಿ ಪ್ರಯೋಗಕ್ಷೇತ್ರವೂ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವೂ, ಹೆಸರಘಟ್ಟದಲ್ಲಿ 1967ರಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ನೆಲೆಗೊಂಡು, ಬೆಂಗಳೂರಿನ ಈ ಉತ್ತರ ಸೀಮೆಯು ಬೆಳೆಗಳ ವಿದ್ಯೆಗೆ ತವರಾಯಿತು. ಇಪ್ಪತ್ತನೆಯ ಶತಮಾನದಲ್ಲಿಯೇ ಬಾಳೆಗೆ ಮಹಾವಿಪತ್ತೂ ಒದಗಿತು. ಮಣ್ಣಿನಲ್ಲಿ ಅಡಗಿದ್ದು ಬೇರಿನ ಮೂಲಕ ಗಡ್ಡೆಯನ್ನು ಹೊಗುವ ಶಿಲೀಂಧ್ರದಿಂದ ಉಂಟಾಗುವ ಪನಾಮಾ ಸೊರಗುರೋಗವು, ಮಧ್ಯ ಅಮೆರಿಕದ ವಾಣಿಜ್ಯತೋಟಗಳಲ್ಲಿ ಗ್ರೋ ಮಿಶೆಲ್ ತಳಿಯನ್ನು ನಿರ್ಮೂಲಗೊಳಿಸಿದಂತೆಯೇ, ನಮ್ಮ ನಂಜನಗೂಡಿನ ರಸಬಾಳೆಯ ತೋಟಗಳನ್ನೂ ಬರಿದುಮಾಡಿತು. ಭೌಗೋಳಿಕ ಸೂಚಕದ ಮನ್ನಣೆಯು ಅದಕ್ಕೆ ದೊರೆಯುವ ವೇಳೆಗೆ ಬೆಳೆಯೇ ಅಪರೂಪವಾಗಿದ್ದಿತು. ಅಂದಿನ ಸೊರಗುರೋಗಕ್ಕೆ ಮಣಿಯದ ಪಚ್ಚಬಾಳೆಯು ಲೋಕದ ಮಾರುಕಟ್ಟೆಗಳನ್ನು ಆಕ್ರಮಿಸಿತು.

ರೋಗಕ್ಕಿಂತಲೂ ಚಿಕ್ಕಜಾಲದ ಹಿತ್ತಿಲುಗಳನ್ನು ಹೆಚ್ಚಾಗಿ ಅಳಿಸಿದುದು ನಿವೇಶನಗಳ ವಿಸ್ತಾರ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಹೆದ್ದಾರಿಯ ಎರಡು ಬದಿಗಳಲ್ಲಿಯೂ ಭೂಮಿಯ ಬೆಲೆಯು ಏರಿತು. ಮೂವತ್ತು ನಲವತ್ತು ಅಡಿಗಳ ನಿವೇಶನದಲ್ಲಿ ಮನೆಗೆ ಹಿತ್ತಿಲೆಂಬುದೇ ಇಲ್ಲ, ಬಚ್ಚಲ ನೀರು ಕೊಳವೆಯಲ್ಲಿ ಹರಿದುಹೋಗುವುದು. ಇದು ನನಗೆ ಸಾಮಾನ್ಯವಾದ ನಷ್ಟವಾಗಿ ತೋರುವುದಿಲ್ಲ. ರಾಗಿಯ ತಳಿಯೊಂದನ್ನು ಬಿತ್ತದೆ ಬಿಟ್ಟರೂ ಅದರ ಕಾಳನ್ನು ವರ್ಷಗಟ್ಟಲೆ ಕಾದಿರಿಸಬಹುದು. ನಾವು ಬೆಳೆಸುವ ಬಾಳೆಗಾದರೋ ಬೀಜವಿಲ್ಲ, ಕಂದಿನಿಂದ ಕಂದು ಹುಟ್ಟಬೇಕು, ಕಡೆಯ ಬುಡವನ್ನು ಕಿತ್ತ ದಿನವೇ ತಳಿಯ ಅಂತ್ಯ. ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವು ತಳಿಗಳನ್ನು ಸಂಗ್ರಹಿಸಿ ಕಾಪಾಡುತ್ತಿದೆ. ಬೆಲ್ಜಿಯಂ ದೇಶದ ಲ್ಯೂವೆನ್ ನಗರದಲ್ಲಿ 1,500ಕ್ಕೂ ಹೆಚ್ಚು ಬಾಳೆಗಳು ಗಾಜಿನ ನಳಿಕೆಗಳಲ್ಲಿ ಜೀವಧಾರಣೆ ಮಾಡುತ್ತಿವೆ. ಈ ಪ್ರಯತ್ನಗಳು ಸ್ತುತ್ಯವಾದುವು. ಆದರೆ ಎಲೆಯಲ್ಲಿ ಊಟವನ್ನು ಬಡಿಸುವ ಕೆಲಸವನ್ನು ನಳಿಕೆಯ ಬಾಳೆ ಮಾಡಲಾರದು.

ಚಿಕ್ಕಜಾಲದಲ್ಲಾಗಲಿ ಬೇರೆಲ್ಲಿಯೇ ಆಗಲಿ, ಹಳೆಯ ಬಾಳೆಯ ಬುಡವಿನ್ನೂ ಉಳಿದಿರುವ ಮನೆಯವರು, ಎಲೆಗಳು ಹಳದಿಯಾಗಿ ಜೋತುಬೀಳದ ಆರೋಗ್ಯವಂತ ಬುಡದಿಂದ, ಕತ್ತಿಯಂತೆ ಕಿರಿದಾದ ಎಲೆಗಳುಳ್ಳ ಕಂದೊಂದನ್ನು ಗಡ್ಡೆಸಹಿತ ತೆಗೆದು, ಈ ಮಳೆಗಾಲದಲ್ಲಿಯೇ ನೆರೆಯವರಿಗೊಬ್ಬರಿಗೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.