ದೆಹಲಿಯ ಬೀದಿಬದಿ ತಿಂಡಿ, ಚೈನೀಸ್ ಊಟ: ಔಷಧಿ ತೆಗೆದುಕೊಳ್ಳುವವರು ತಿಳಿದಿರಬೇಕಾದ್ದು

ಚಿಕಿತ್ಸೆಗಾಗಿ ಕರ್ನಾಟಕದಿಂದ ದೆಹಲಿಗೆ ಬಂದವರಿಗೆ ಮನೆ ಊಟ ಸಿಗುವುದು ಕಷ್ಟ. ಏಮ್ಸ್ ಅಥವಾ ಸಫ್ದರ್‌ಜಂಗ್ ಆಸ್ಪತ್ರೆಯ ಸರದಿಯಲ್ಲಿ ನಿಂತು ಹೊರಬರುವಾಗ ಮಧ್ಯಾಹ್ನ ಕಳೆದಿರುತ್ತದೆ. ಎದುರಿಗೆ ಕಾಣುವುದು ಮೋಮೋ ಗಾಡಿ, ಚೌಮಿನ್ ತವೆ, ಛೋಲೆ ಭಟೂರೆ, ಗೋಲ್‌ಗಪ್ಪೆ. ರೋಗಿಯಷ್ಟೇ ಅಲ್ಲ, ಜೊತೆಗೆ ಬಂದವರೂ ಅಲ್ಲಿಯೇ ತಿನ್ನಬೇಕಾಗುತ್ತದೆ. ಹೊರಗೆ ತಿನ್ನಲೇಬಾರದು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನಿಮ್ಮ ಕಾಯಿಲೆ ಮತ್ತು ಮಾತ್ರೆಗಳಿಗೆ ಯಾವುದು ಹೊಂದುತ್ತದೆ, ಯಾವುದು ಅಪಾಯ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಮೂತ್ರಪಿಂಡದ ಕಾಯಿಲೆ ಇದ್ದರೆ: ಈ ಒಂದು ಹಣ್ಣು ಬೇಡವೇ ಬೇಡ

ಚಳಿಗಾಲದಲ್ಲಿ ದೆಹಲಿಯ ಗಾಡಿಗಳಲ್ಲಿ ಸುಟ್ಟ ಗೆಣಸಿನ ಚಾಟ್ ಮಾರುತ್ತಾರೆ. ಅದಕ್ಕೆ ಹುಳಿಗಾಗಿ 'ಕಮ್ರಖ್' ಎಂಬ ಹಣ್ಣನ್ನು ಹೆಚ್ಚಿ ಹಾಕುತ್ತಾರೆ. ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಇದು ನಮ್ಮ ದಾರೆಹುಳಿ; ಕೆಲವೆಡೆ ಕಮರಾಕ್ಷಿ ಎನ್ನುತ್ತಾರೆ. ಆರೋಗ್ಯವಂತರು ಸ್ವಲ್ಪ ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದಾಗ ಇದರಲ್ಲಿರುವ ವಿಷಾಂಶ ದೇಹದಿಂದ ಹೊರಹೋಗದೆ ಮೆದುಳನ್ನು ಬಾಧಿಸುತ್ತದೆ. ಮೊದಲ ಲಕ್ಷಣ ಹೆಚ್ಚಾಗಿ ನಿಲ್ಲದ ಬಿಕ್ಕಳಿಕೆ. ನಂತರ ವಾಂತಿ, ಗೊಂದಲ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಡಯಾಲಿಸಿಸ್‌ನಲ್ಲಿರುವವರು ಒಂದು ಹೋಳನ್ನೂ ತಿನ್ನಬೇಡಿ. ತಿಳಿಯದೆ ತಿಂದು ಬಿಕ್ಕಳಿಕೆ ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಿ, ತಿಂದದ್ದು ಏನೆಂದು ಹೇಳಿ.

ರಕ್ತದೊತ್ತಡ, ಹೃದಯದ ತೊಂದರೆ: ಉಪ್ಪು ಎಲ್ಲಿ ಅಡಗಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಚೌಮಿನ್, ಮಂಚೂರಿ, ಸೂಪ್‌ಗಳಿಗೆ ಇದರ ಮೇಲೆ ಉಪ್ಪು, ಅಜಿನೊಮೊಟೊ ಬೇರೆ ಬೀಳುತ್ತವೆ.

ಜನ ಹೆಚ್ಚು ಹೆದರುವುದು ಅಜಿನೊಮೊಟೊಗೆ. ಆದರೆ ಅದರಲ್ಲಿ ಸೋಡಿಯಂ ಶೇ. 12ರಷ್ಟು, ಅಡುಗೆ ಉಪ್ಪಿನಲ್ಲಿ ಶೇ. 39ರಷ್ಟು. 'ಅಜಿನೊಮೊಟೊ ಬೇಡ' ಎಂದಷ್ಟೇ ಹೇಳಿದರೆ ಸಾಲದು, ಸೋಯಾ ಸಾಸನ್ನೂ ಕಡಿಮೆ ಮಾಡಿಸಿ. ಸೂಪಿನ ಬದಲು ಬೇಯಿಸಿದ ಮೋಮೋ ಅಥವಾ ಬಿಳಿ ಅನ್ನ ತೆಗೆದುಕೊಳ್ಳಿ. ಗ್ರೇವಿಯನ್ನು ತಟ್ಟೆಯಲ್ಲೇ ಬಿಡಿ.

ಮಧುಮೇಹ: ತಟ್ಟೆ ಬಂದ ಮೇಲೆ ಇನ್ಸುಲಿನ್

ಆರ್ಡರ್ ಕೊಟ್ಟು ಇನ್ಸುಲಿನ್ ಚುಚ್ಚಿಕೊಂಡು ಕಾಯುತ್ತಾ ಕೂತರೆ, ಊಟ ತಡವಾದಾಗ ಸಕ್ಕರೆ ಅಂಶ ದಿಢೀರ್ ಇಳಿಯುತ್ತದೆ. ಬೇಗ ಕೆಲಸ ಮಾಡುವ ಇನ್ಸುಲಿನ್ ಆದರೆ ಊಟ ಮುಂದೆ ಬಂದ ಮೇಲೆ ತೆಗೆದುಕೊಳ್ಳಿ. ಗ್ಲಿಮೆಪಿರೈಡ್‌ನಂಥ ಮಾತ್ರೆಗೂ ಇದೇ ನಿಯಮ. ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕಾದ ಇನ್ಸುಲಿನ್ ಆಗಿದ್ದರೆ, ಹೊರಗೆ ಉಣ್ಣುವ ದಿನ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ.

ಯಾವ ಮಾತ್ರೆಗೆ ಯಾವ ತಿನಿಸು ಆಗದು?

- ಲಿನೆಜೋಲಿಡ್ (ಔಷಧಕ್ಕೆ ಬಗ್ಗದ ಕ್ಷಯರೋಗಕ್ಕೆ ಕೊಡುತ್ತಾರೆ): ಸೋಯಾ ಸಾಸ್, ಹಳೆಯ ಚೀಸ್, ಹುದುಗಿಸಿದ ಸಾಸ್‌ಗಳಲ್ಲಿರುವ ಟೈರಮಿನ್ ಜೊತೆ ಸೇರಿ ರಕ್ತದೊತ್ತಡ ವಿಪರೀತ ಏರಬಹುದು. ಈ ಮಾತ್ರೆ ಮುಗಿಯುವವರೆಗೆ ಚೈನೀಸ್ ಬಿಡುವುದೇ ಒಳ್ಳೆಯದು.
- ಐಸೋನಿಯಾಜಿಡ್ (ಕ್ಷಯ): ಟ್ಯೂನಾ, ಬಂಗುಡೆಯಂಥ ಮೀನು ತಿಂದ ಮೇಲೆ ಮುಖ ಕೆಂಪೇರಿ, ಎದೆ ಬಡಿತ, ತಲೆನೋವು ಬಂದರೆ ವೈದ್ಯರಿಗೆ ತಿಳಿಸಿ.
- ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ): ಪಾಲಕ್, ಸರ್ಸೋ ಕಾ ಸಾಗ್‌ನಲ್ಲಿ ವಿಟಮಿನ್ ಕೆ ಹೆಚ್ಚು. ಊರಲ್ಲಿ ಅಪರೂಪಕ್ಕೆ ಸೊಪ್ಪು ತಿನ್ನುತ್ತಿದ್ದವರು ಇಲ್ಲಿ ದಿನವೂ ತಿಂದರೆ ಮಾತ್ರೆಯ ಪರಿಣಾಮ ತಗ್ಗುತ್ತದೆ. ಪ್ರಮಾಣ ಒಂದೇ ಸಮ ಇರಲಿ.
- ಸಿಪ್ರೋಫ್ಲಾಕ್ಸಾಸಿನ್: ಲಸ್ಸಿ, ಹಾಲಿನ ಜೊತೆ ನುಂಗಬೇಡಿ. ಮಾತ್ರೆ ನುಂಗಿ ಎರಡು ಗಂಟೆ ಕಳೆದ ಮೇಲೆ ಲಸ್ಸಿ ಕುಡಿಯಿರಿ.
- ಟ್ಯಾಕ್ರೋಲಿಮಸ್ (ಅಂಗಾಂಗ ಕಸಿ): ಚಕ್ಕೋತ ಬೇಡ, ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ.

ಕೀಮೋ ಅಥವಾ ಕಸಿಯ ನಂತರ

ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಬೇರೆಯವರ ಹೊಟ್ಟೆನೋವೂ ದೊಡ್ಡ ಸೋಂಕಾಗಬಹುದು. ಗೋಲ್‌ಗಪ್ಪೆಯ ನೀರು, ಹೆಚ್ಚಿಟ್ಟ ಹಣ್ಣು, ಹಸಿ ಈರುಳ್ಳಿ-ಮೂಲಂಗಿ, ಐಸ್ ಹಾಕಿದ ಜ್ಯೂಸ್ ಬೇಡ. ಮೋಮೋ ಹಬೆಯಲ್ಲಿ ಬಿಸಿಯಾಗಿದ್ದರೂ ಪಕ್ಕದ ಕೆಂಪು ಚಟ್ನಿ ಬೆಳಗಿನಿಂದ ತೆರೆದಿಟ್ಟದ್ದಿರಬಹುದು, ಅದನ್ನು ಬಿಡಿ.

ಫ್ರೈಡ್ ರೈಸ್ ಬಗ್ಗೆ ಎಲ್ಲರಿಗೂ ಎಚ್ಚರಿಕೆ ಬೇಕು. ಬೇಯಿಸಿದ ಅನ್ನ ಹೊರಗೇ ಉಳಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಒಂದು ವಿಷ ಮತ್ತೆ ಹುರಿದರೂ ನಾಶವಾಗುವುದಿಲ್ಲ. ಉಳಿದದ್ದನ್ನು ಕಟ್ಟಿಸಿಕೊಂಡು ಹೋಗಿ ರಾತ್ರಿ ತಿನ್ನುವುದೂ ಬೇಡ, ಅದರಲ್ಲೂ ದೆಹಲಿಯ ಮೇ-ಜೂನ್ ಸೆಕೆಯಲ್ಲಿ.

ಅಂಗಡಿ ಆರಿಸುವಾಗ

- ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಹಾಕಿದೆಯೇ ನೋಡಿ. ಸಣ್ಣ ಗಾಡಿಗಳಿಗೂ ನೋಂದಣಿ ಬೇಕು.
- ಕಣ್ಣೆದುರೇ ಬೇಯಿಸಿ ಬಿಸಿಯಾಗಿ ಕೊಡುವಲ್ಲಿ ತಿನ್ನಿ.
- ಕಡುಕೆಂಪು ಮಂಚೂರಿ ಬಿಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು.
- ಭಾಷೆ ಬಾರದಿದ್ದರೆ ಇಷ್ಟು ಹೇಳಿ: 'ನಮಕ್ ಔರ್ ಸೋಯಾ ಸಾಸ್ ಕಮ್ ಡಾಲಿಯೇ' (ಉಪ್ಪು, ಸೋಯಾ ಸಾಸ್ ಕಡಿಮೆ ಹಾಕಿ). ಕಡಲೆಕಾಯಿ ಅಲರ್ಜಿ ಇದ್ದರೆ: 'ಇಸ್‌ಮೇ ಮೂಂಗ್‌ಫಲೀ ಹೈ ಕ್ಯಾ?'

ಹೊಟ್ಟೆ ಕೆಟ್ಟರೆ

ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕಲಸಿ, ಸ್ವಲ್ಪಸ್ವಲ್ಪವಾಗಿ ಕುಡಿಯಿರಿ. ನೀರಿನ ಮಿತಿ ಹೇಳಿರುವ ಹೃದಯ, ಮೂತ್ರಪಿಂಡದ ರೋಗಿಗಳು ಮೊದಲು ವೈದ್ಯರನ್ನು ಕೇಳಿ. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ನೀವಾಗಿ ತೆಗೆದುಕೊಳ್ಳಬೇಡಿ. ಮೆಟ್‌ಫಾರ್ಮಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆಗಳನ್ನು ವಾಂತಿ-ಭೇದಿ ಇರುವಾಗ ವೈದ್ಯರು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು. ಅಂದೇ ಫೋನ್ ಮಾಡಿ ಕೇಳಿ. ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರಿಗೆ ಭೇದಿಯಾದರೆ ರಕ್ತದಲ್ಲಿ ಔಷಧದ ಮಟ್ಟ ಏರಬಹುದು, ಕಸಿ ವಿಭಾಗಕ್ಕೆ ತಿಳಿಸಿ. ಕೀಮೋ ರೋಗಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ.

ಆಸ್ಪತ್ರೆಯಿಂದ ಹೊರಡುವ ಮುನ್ನ ಔಷಧಿ ಚೀಟಿಯನ್ನು ಫಾರ್ಮಸಿಸ್ಟ್‌ಗೆ ತೋರಿಸಿ, 'ಇವುಗಳ ಜೊತೆ ಏನು ತಿನ್ನಬಾರದು?' ಎಂದು ಕೇಳಿ. ಉತ್ತರವನ್ನು ಚೀಟಿಯ ಹಿಂದೆ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ರೋಗಿಯ ಜೊತೆ ನಾಳೆ ಬೇರೆ ಯಾರಾದರೂ ಬಂದರೂ ಅವರಿಗೆ ಅದು ನೆರವಾಗುತ್ತದೆ.